ಪಟ್ಟಿಯಲ್ಲಿ ಅಜ್ಜನ ಹೆಸರಿಲ್ಲದ ವರ್ಷ

ನಾನು ನಿಂತದ್ದು ಬಸವಣ್ಣನ ಗುಡಿಯ ಪಕ್ಕದ ಮೈಕಿನ ಕೋಣೆಯ ಬಾಗಿಲಲ್ಲಿ. ನವೆಂಬರ್ ತಿಂಗಳ ಕೊನೆಯ ಸೋಮವಾರ, ಬೆಳಗಿನ ಏಳು ಗಂಟೆ ಇಪ್ಪತ್ತು ನಿಮಿಷ. ಎಡಗಾಲು ಹೊಸ್ತಿಲ ಒಳಗಿತ್ತು, ಬಲಗಾಲು ಹೊರಗಿತ್ತು. ಕೋಣೆ ಐದಡಿ ಅಗಲ, ಆರಡಿ ಉದ್ದ. ಒಳಗೆ ಒಂದು ಕಬ್ಬಿಣದ ಮೇಜು, ಅದರ ಮೇಲೆ ಕೆಂಪು ಬಟ್ಟೆ ಸುತ್ತಿದ ಮೈಕು, ಗೋಡೆಗೆ ಹಳೆಯ ವರ್ಷದ ಕ್ಯಾಲೆಂಡರು. ಮೇಜಿನ ಮುಂದೆ ನನ್ನ ಗೆಳೆಯ ಅಪ್ಪಾಸಾಹೇಬ ನಿಂತಿದ್ದ. ತೋಟದ ಕೆಲಸದ ಹೆಂಗಸರ ತಂಡದ ಮುಖ್ಯಸ್ಥೆ ಸುಶೀಲಾ ಗೋಡೆಗೆ ಒರಗಿದ್ದಳು. ರಾತ್ರಿ ಸುರಿದ ಮಳೆ ನಿಂತು ಅರ್ಧ ತಾಸಾಗಿತ್ತು. ಗುಡಿಯ ತಗಡಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಇದು ಮೂರು ವರ್ಷದ ಹಿಂದಿನ ಮಾತು. ಹೋದ ವಾರ ಚಿಕ್ಕೋಡಿಯಿಂದ ಬರುವ ಬಸ್ಸಿನಲ್ಲಿ ಒಬ್ಬ ರೈತ ಗಂಧಕದ ಚೀಲವನ್ನು ನನ್ನ ಕಾಲ ಬಳಿ ಇಟ್ಟ. ಚೀಲದ ಬಾಯಿ ಸರಿಯಾಗಿ ಹೊಲಿದಿರಲಿಲ್ಲ. ದ್ರಾಕ್ಷಿ ತೋಟ ಇದ್ದವರಿಗೆಲ್ಲ ಆ ವಾಸನೆ ಗೊತ್ತು. ಕಾಗವಾಡ ಬರುವವರೆಗೆ ನಾನು ಕಿಟಕಿಯ ಹೊರಗೆ ನೋಡಿದೆ, ಆದರೆ ದಾರಿಯಲ್ಲಿ ಏನು ಕಂಡೆ ಎಂದು ಈಗ ಹೇಳಲಾರೆ. ಮನೆಗೆ ಬಂದು ಬರೆಯಲು ಕುಳಿತೆ.

ನಾನು ಚಿಕ್ಕೋಡಿಯ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡುತ್ತಿದ್ದವನು. ಎಲ್ಲಿ ನಿಂತಿದ್ದಿ, ಎಷ್ಟು ದೂರದಲ್ಲಿದ್ದಿ, ಬೆಳಕಿತ್ತೋ ಇಲ್ಲವೋ, ಇನ್ಯಾರು ಇದ್ದರು, ಈ ಪ್ರಶ್ನೆಗಳನ್ನು ಕೇಳಿ ಕೇಳಿ ಕೆಲಸ ಮುಗಿಸಿದೆ. ನಿವೃತ್ತನಾಗಿ ಅಥಣಿ ಮತ್ತು ಕಾಗವಾಡದ ನಡುವಿನ ನಮ್ಮೂರಿಗೆ ಬಂದು, ಒಂದೂವರೆ ಎಕರೆ ದ್ರಾಕ್ಷಿ ತೋಟವನ್ನು ನಾನೇ ನೋಡಿಕೊಂಡ ಮೊದಲ ವರ್ಷ ಅದು. ಊರಲ್ಲಿ ನನಗೆ ಕೋರ್ಟ್ ಕಾಕಾ ಅನ್ನುತ್ತಾರೆ.

ದ್ರಾಕ್ಷಿಗೆ ಔಷಧ ಹೊಡೆಯುವುದಕ್ಕೆ ನಮ್ಮೂರಲ್ಲಿ ಒಂದು ಪದ್ಧತಿ ಇತ್ತು. ಅಪ್ಪಾಸಾಹೇಬ ಏನು ಹೊಡೆಯುತ್ತಾನೋ ಅದನ್ನು ಎಲ್ಲರೂ ಹೊಡೆಯುವುದು. ಊರಿಗೆ ಮೊದಲು ದ್ರಾಕ್ಷಿ ತಂದವನು ಅವನೇ. ಬೆಳಿಗ್ಗೆ ಎದ್ದು ಎಲೆಯ ಹಿಂಬದಿ ಮುಟ್ಟಿ ನೋಡುವನು, ಇಬ್ಬನಿ ಎಷ್ಟು ಹೊತ್ತಿಗೆ ಆರಿತು ಎಂದು ನೋಡುವನು, ಆಮೇಲೆ ಗುಡಿಗೆ ಹೋಗಿ ಮೈಕು ಹಚ್ಚುವನು. ಎರಡೇ ಮಾತು: ಔಷಧದ ಹೆಸರು, ಹೊಡೆಯುವ ಹೊತ್ತು. ಸಂಜೆಯೊಳಗೆ ಊರ ತೋಟಗಳೆಲ್ಲ ತೊಯ್ದಿರುತ್ತಿದ್ದವು. ಒಮ್ಮೆ ಯಾರೋ ಹೊಸಬರು ಯಾಕೆ ಎಂದು ಕೇಳಿದ್ದಕ್ಕೆ ಅವನು ತಾಸುಗಟ್ಟಲೆ ವಿವರಿಸಿದನಂತೆ, ಅಷ್ಟರಲ್ಲಿ ಮಳೆ ಬಂದು ಹೊಡೆಯುವ ಹೊತ್ತೇ ಹೋಯಿತಂತೆ. ಆಮೇಲೆ ಯಾರೂ ಯಾಕೆ ಎಂದು ಕೇಳಲಿಲ್ಲ. ಫೋನುಗಳು ಬಂದ ಮೇಲೆ ಒಂದು ಗ್ರೂಪಾಯಿತು. ಅಲ್ಲಿಯೂ ಎರಡೇ ಸಾಲು ಬರೆಯುತ್ತಿದ್ದ.

ಶೇರಿನ ವಿಷಯವೂ ಅದೇ ಗ್ರೂಪಿನಲ್ಲಿ ಬಂತು. ಇಚಲಕರಂಜಿಗೆ ಕೊಟ್ಟ ಮಗಳು ಅಪ್ಪಾಸಾಹೇಬನಿಗೆ ಫೋನಿನಲ್ಲಿ ಡಿಮ್ಯಾಟ್ ಖಾತೆ ತೆರೆದುಕೊಟ್ಟಿದ್ದಳು. ಅವನು ಎಲ್ಲವನ್ನೂ ಕಲಿತು ಮಾಡುವವನು. ಕಂಪನಿಗಳ ವಾರ್ಷಿಕ ವರದಿಯನ್ನು ಅಥಣಿಯ ಕಂಪ್ಯೂಟರ್ ಅಂಗಡಿಯಲ್ಲಿ ಮುದ್ರಿಸಿ ತಂದು, ದಪ್ಪ ದಾರದಿಂದ ಹೊಲಿದು, ದ್ರಾಕ್ಷಿ ಒಣಗಿಸುವ ಶೆಡ್ಡಿನ ನೆರಳಲ್ಲಿ ಕುಳಿತು ಓದುತ್ತಿದ್ದ. ತಿಳಿಯದ ಮಾತುಗಳಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಭಾನುವಾರ ನನಗೆ ತೋರಿಸುತ್ತಿದ್ದ.

"ತ್ವಾಟಾ ತಗೋಳಾಂವ ಗೊನಿ ನೋಡಿ ತಗೊಂಡ್ರ ಕೆಟ್ಟ, ಶೇರೂ ಹಂಗ," ಅನ್ನುತ್ತಿದ್ದ. "ಛಾಟಣಿ ಆಗಿ, ಬಳ್ಳಿ ಸವರಿ ಬರೇ ಕಡ್ಡಿ ಉಳದಾಗ ನೋಡಬೇಕು. ಆವಾಗ ನೋಡಾಕ ಛಂದ ಇರೂದಿಲ್ಲ, ಬೆಲಿ ಕಡಿಮಿ ಇರ್ತೈತಿ. ಆದರ ಬೇರು ಅದ ಬೇರು ಇರ್ತೈತಿ. ತಗೊಂಡ ಸುಮ್ಮನ ಕುಂಡ್ರಬೇಕು."

ಮುಂಬಯಿಯಲ್ಲಿ ಒಬ್ಬ ಹೆಸರಾಂತ ಹೂಡಿಕೆದಾರ ಇದ್ದ. ಅವನ ಹೆಸರು ಇಲ್ಲಿ ಬೇಡ. ನಮ್ಮೂರಲ್ಲಿಯೂ ಯಾರೂ ಹೆಸರು ಹಿಡಿಯುತ್ತಿರಲಿಲ್ಲ, ಅಜ್ಜ ಅನ್ನುತ್ತಿದ್ದರು. ಒಂದು ಕಂಪನಿಯಲ್ಲಿ ನೂರಕ್ಕೆ ಒಂದು ಪಾಲು ಅಥವಾ ಹೆಚ್ಚು ಯಾರ ಕೈಯಲ್ಲಿದೆಯೋ ಅವರ ಹೆಸರು ಮೂರು ತಿಂಗಳಿಗೊಮ್ಮೆ, ಅದೂ ಮೂರು ವಾರ ತಡವಾಗಿ, ಪಟ್ಟಿಯಲ್ಲಿ ಬರುತ್ತದೆ. ಅಜ್ಜನ ಹೆಸರು ಒಂದು ಪೈಪಿನ ಕಂಪನಿಯ ಪಟ್ಟಿಯಲ್ಲಿ ಬಂತು. ಹನಿ ನೀರಾವರಿಯ ಪೈಪು ಮಾಡುವ ಕಂಪನಿ ಅದು. ನಮ್ಮ ತೋಟಗಳಲ್ಲಿ ಮಲಗಿದ್ದ ಕರಿ ಪೈಪುಗಳು ಅದರವೇ. ಅಪ್ಪಾಸಾಹೇಬ ಗ್ರೂಪಿನಲ್ಲಿ ಎರಡು ಸಾಲು ಬರೆದ: ಕಂಪನಿಯ ಹೆಸರು, ಮತ್ತು "ಇವತ್ತ ತಗೊಂಡೀನಿ."

ಸಂಜೆಯೊಳಗೆ ಊರು ತೆಗೆದುಕೊಂಡಿತು.

ಅವನ ಪಕ್ಕದ ತೋಟದ ಸಿದ್ದಗೌಡ ಎಲ್ಲರಿಗಿಂತ ಹೆಚ್ಚು ತೆಗೆದುಕೊಂಡ. ಹೊಸ ಬೋರ್‌ವೆಲ್ಲಿಗೆ ಎಂದು ಇಟ್ಟ ಹಣ ಅದು. "ಅಜ್ಜ ತಗೊಂಡಾನಂದ್ರ ಬಸವಣ್ಣ ಬಲಕ್ಕ ಹೂ ಕೊಟ್ಟಂಗ," ಎಂದು ಗುಡಿಯ ಕಟ್ಟೆಯ ಮೇಲೆ ಕುಳಿತು ಹೇಳಿದ.

ಸುಶೀಲಾ ಹೆಂಗಸರೊಡನೆ ಕೆಲಸ ಮುಗಿಸಿ ಅದೇ ದಾರಿಯಲ್ಲಿ ಹೊರಟಿದ್ದಳು. ನಿಂತು ಹೇಳಿದಳು: "ಗೌಡ್ರ, ಅಜ್ಜ ಹೊಡದ ಔಷಧದ ವಾಸನಿ ನಮಗ ಮೂರು ವಾರಕ್ಕ ಬರ್ತೈತಿ. ಅಷ್ಟ್ರಾಗ ರೋಗ ನಿಮ್ಮ ತ್ವಾಟದಾಗ ಸಂಸಾರ ಹೂಡಿರ್ತೈತಿ."

"ಏ ಹೋಗಬೇ, ನಿನಗೇನ ಗೊತ್ತ ಶೇರಿಂದು?"

"ಶೇರಿಂದು ಗೊತ್ತಿಲ್ಲರಿ. ಔಷಧದ್ದು ಗೊತ್ತೈತಿ. ಹೊತ್ತ ಮೀರಿ ಹೊಡದ್ರ ರೋಗ ಸಾಯೂದಿಲ್ಲ, ರೊಕ್ಕಾ ಸಾಯ್ತೈತಿ."

ಎಲ್ಲರೂ ನಕ್ಕೆವು. ಆಮೇಲೆ ಸುಶೀಲಾ ಕೂಡ ಹತ್ತು ಶೇರು ತೆಗೆದುಕೊಂಡಳು. ಯಾಕೆ ಎಂದು ನಾನು ಕೇಳಿದ್ದೆ. "ಊರೆಲ್ಲಾ ತಗೊಂಡಾಗ ನಾ ಒಬ್ಬಾಕಿ ಬಿಟ್ರ, ಅದು ಏರಿದ ದಿನಾ ನನ್ನ ನಗ್ತಾರ್ರಿ. ಇಳದ ದಿನಾ ಎಲ್ಲಾರೂ ಕೂಡೇ ಇರ್ತೀವಲ," ಅಂದಳು. ನಾನೂ ತೆಗೆದುಕೊಂಡೆ. ಕಂಪನಿಯ ವರದಿ ಅಪ್ಪಾಸಾಹೇಬನ ಶೆಡ್ಡಿನಲ್ಲೇ ಇತ್ತು. ನಾನು ಅದನ್ನು ತೆರೆಯಲಿಲ್ಲ.

ಬೆಲೆ ಏರಿತು. ಆ ಬೇಸಿಗೆಯಲ್ಲಿ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗುತ್ತಿದ್ದಾಗ ಜನ ದ್ರಾಕ್ಷಿಯ ಧಾರಣೆಗಿಂತ ಮೊದಲು ಪೈಪಿನ ಧಾರಣೆ ಕೇಳುತ್ತಿದ್ದರು.

ಸೆಪ್ಟೆಂಬರಿನ ಮೊದಲ ವಾರ ಅಪ್ಪಾಸಾಹೇಬ ನನ್ನನ್ನು ಮಿರಜಿಗೆ ಕರೆದುಕೊಂಡು ಹೋದ. ಅವನ ಹೆಂಡತಿ ಕಸ್ತೂರಿ ವೈನಿಗೆ ಎದೆಯಲ್ಲಿ ಗಂಟಾಗಿತ್ತು. ಬೇಗ ಆಪರೇಷನ್ ಆಗಬೇಕು ಎಂದಿದ್ದರು. ಆಸ್ಪತ್ರೆಯ ಎರಡನೆಯ ಮಹಡಿಯ ಪಡಸಾಲೆ, ಗೋಡೆಗೆ ಹಚ್ಚಿದ ಕಬ್ಬಿಣದ ಬೆಂಚು, ಹೊತ್ತು ಬೆಳಗಿನ ಹತ್ತೂವರೆ. ಅವನು ನನ್ನ ಎಡಕ್ಕೆ ಕುಳಿತು ಫೋನು ತೆಗೆದು ಪೈಪಿನ ಶೇರುಗಳನ್ನೆಲ್ಲ ಮಾರಿದ. ನಾನು ಒಂದು ಗೇಣು ದೂರದಿಂದ ನೋಡಿದೆ.

"ಪುಸ್ತಕಾ ಓದೀನಿ, ವರದಿ ಓದೀನಿ, ಖರೇನ," ಅಂದ. "ಆದರ ತಗೊಂಡದ್ದು ಅಜ್ಜ ತಗೊಂಡಾನಂತ. ನಿನಗೊಬ್ಬಗ ಹೇಳ್ತೀನಿ."

ಸ್ವಲ್ಪ ಹೊತ್ತಿನ ಮೇಲೆ ಕೇಳಿದ: "ಗ್ರೂಪಿನ್ಯಾಗ ಹೇಳಬೇಕೇನಲೇ, ಮಾರೀನಿ ಅಂತ?"

"ಹೇಳಿದ್ರ ಏನಾಕ್ಕೈತಿ?"

"ಎಲ್ಲಾರೂ ಮಾರ್ತಾರ. ನಾ ಮಾರಿದ್ದು ನನ್ನ ಗರಜಿಗೆ. ಕಂಪನಿ ಕೆಟ್ಟೈತಂತ ಅಲ್ಲ. ಆದರ ಅವ್ರು ಯಾಕಂತ ಕೇಳೂದಿಲ್ಲಲ."

"ಹಂಗಾರ ಹೇಳಬ್ಯಾಡ," ಎಂದೆ. ಇದನ್ನು ಹೇಳಿದವನು ನಾನು.

ಒಳಗೆ ಹೋದಾಗ ವೈನಿ ಹಸಿರು ಚಾದರ ಹೊದ್ದು ಮಲಗಿದ್ದರು. ನನ್ನನ್ನು ನೋಡಿ, "ಭಾವೂಜಿ, ಊರಾಗ ಯಾರಿಗೂ ಹೇಳಬ್ಯಾಡ್ರಿ. ಎಲ್ಲಾರೂ ಬಂದು ಸುತ್ತ ಕುಂತು ಅಳ್ತಾರ. ನಾ ಇನ್ನೂ ಸತ್ತಿಲ್ಲ. ಮಗಳ ಮನಿಗೆ ಹೋಗ್ಯಾಳ ಅಂದಬಿಡ್ರಿ," ಎಂದರು. ನಾನು ಮಾತು ಕೊಟ್ಟೆ.

ಅಕ್ಟೋಬರಿನಲ್ಲಿ ಛಾಟಣಿ ಆಯಿತು, ಅಂದರೆ ಬಳ್ಳಿ ಸವರುವ ಕೆಲಸ. ಸುಶೀಲಾಳ ತಂಡ ದಿನಕ್ಕೊಂದು ತೋಟ ಮುಗಿಸುತ್ತ ಬಂತು. ಊರೆಲ್ಲ ಬರೀ ಕಡ್ಡಿಯಾಗಿ ನಿಂತಿದ್ದ ಆ ದಿನಗಳಲ್ಲಿ ಹೊಸ ಪಟ್ಟಿ ಬಂತು. ಪೈಪಿನ ಕಂಪನಿಯ ಪಟ್ಟಿಯಲ್ಲಿ ಅಜ್ಜನ ಹೆಸರಿರಲಿಲ್ಲ. ಅವನು ಎಲ್ಲವನ್ನೂ ಮಾರಿದನೋ, ಸ್ವಲ್ಪ ಮಾರಿ ನೂರಕ್ಕೆ ಒಂದರ ಕೆಳಗೆ ಬಂದನೋ, ಪಟ್ಟಿ ಅದನ್ನು ಹೇಳುವುದಿಲ್ಲ. ಮರುದಿನದಿಂದ ಬೆಲೆ ಇಳಿಯಿತು. ಕೆಲವು ದಿನ ಮಾರುತ್ತೇವೆಂದರೂ ಕೊಳ್ಳುವವರಿರಲಿಲ್ಲ.

ಒಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಜನ ಸೇರಿತು. ಅಪ್ಪಾಸಾಹೇಬನನ್ನು ಕರೆಸಿದರು. ಸಿದ್ದಗೌಡ ಅವನೆದುರು ನಿಂತು ಕೇಳಿದ: "ಕಾಕಾ, ಈಗ ಏನ ಮಾಡೂದ್ರಿ? ಇಟ್ಕೊಳ್ಳೂದೋ ಬಿಡೂದೋ? ನೀವು ಇಟ್ಕೊಂಡೀರೇನು?"

ಅಪ್ಪಾಸಾಹೇಬ ಸುಳ್ಳು ಹೇಳಲಿಲ್ಲ. "ನನ್ನ ಹತ್ರ ಇಲ್ಲಪಾ. ಸೆಪ್ಟೆಂಬರದಾಗ ಮಾರೀನಿ."

ಸಿದ್ದಗೌಡ ಕೇಳಿದ: "ಯಾಕ?"

ನನಗೆ ತಿಳಿದಂತೆ, ಅಷ್ಟು ವರ್ಷಗಳ ಮೇಲೆ ನಮ್ಮೂರಲ್ಲಿ ಒಬ್ಬರು ಅಪ್ಪಾಸಾಹೇಬನನ್ನು ಯಾಕೆ ಎಂದು ಕೇಳಿದ್ದು ಆಗ. ಅವನು "ಗರಜಿತ್ತು," ಎಂದಷ್ಟೇ ಹೇಳಿದ.

"ಏನ ಗರಜು? ಮನಿ ಕಟ್ಟಿದ್ರಿ? ಗಾಡಿ ತಂದ್ರಿ? ಅಜ್ಜಗ ಗೊತ್ತಾತು, ನಿಮಗ ಗೊತ್ತಾತು, ನಮಗಷ್ಟ ಗೊತ್ತಾಗಲಿಲ್ಲ." ಸಿದ್ದಗೌಡ ನನ್ನ ಕಡೆ ತಿರುಗಿದ. "ಕೋರ್ಟ್ ಕಾಕಾ, ಇವ್ರ ಜೋಡಿ ಸೆಪ್ಟೆಂಬರದಾಗ ಮಿರಜಿಗೆ ಹೋಗಿದ್ರಿ ನೀವು. ಬಸ್ಸಿನ್ಯಾಗ ನೋಡೀನಿ. ನೀವು ಹೇಳ್ರಿ, ಯಾಕ ಮಾರಿದ್ರು?"

ನಾನು ಕಟ್ಟೆಯ ಮೂಡಣ ತುದಿಯಲ್ಲಿ, ಅಪ್ಪಾಸಾಹೇಬನಿಂದ ಎಂಟು ಅಡಿ ದೂರದಲ್ಲಿದ್ದೆ. ಬೆಳಕು ಚೆನ್ನಾಗಿತ್ತು. ಅವನು ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದ.

"ನನಗ ಗೊತ್ತಿಲ್ಲ," ಎಂದೆ.

ಕೋರ್ಟಿನಲ್ಲಿ ಈ ಮಾತನ್ನು ಎಷ್ಟು ಸಲ ಟೈಪು ಮಾಡಿದ್ದೇನೋ. ಎರಡು ಶಬ್ದ, ಒಂದು ಪೂರ್ಣವಿರಾಮ. ಟೈಪು ಮಾಡುವಾಗ ಸಾಕ್ಷಿಯ ಮುಖ ನೋಡುವ ರೂಢಿ ನನಗಿರಲಿಲ್ಲ.

ಅಂದಿನಿಂದ ಅಪ್ಪಾಸಾಹೇಬ ಗ್ರೂಪಿನಲ್ಲಿ ಬರೆದದ್ದಕ್ಕೆ ಯಾರೂ ಉತ್ತರಿಸಲಿಲ್ಲ. ಕೆಲವರು ಗ್ರೂಪು ಬಿಟ್ಟರು. ಔಷಧವನ್ನು ಅಂಗಡಿಯವನು ಹೇಳಿದಂತೆ ಹೊಡೆದರು. ನವೆಂಬರಿನಲ್ಲಿ ಬಳ್ಳಿ ಚಿಗುರಿ ಹೂವಿಗೆ ಬಂತು. ದ್ರಾಕ್ಷಿಯ ಹೂವು ಕಣ್ಣಿಗೆ ಕಾಣುವುದಕ್ಕಿಂತ ಮೂಗಿಗೆ ಮೊದಲು ತಿಳಿಯುತ್ತದೆ. ವೈನಿ ಊರಿಗೆ ಮರಳಿದ್ದರು, ಸೆರಗು ಬಿಗಿಯಾಗಿ ಹೊದ್ದು ಓಡಾಡುತ್ತಿದ್ದರು. ಗಂಡನ ಮೇಲೆ ಊರು ಸಿಟ್ಟಾಗಿದೆ ಎಂದು ಅವರಿಗೆ ಗೊತ್ತಿತ್ತು. ಶೇರು ಇಳಿದದ್ದಕ್ಕೆ ಎಂದು ತಿಳಿದಿದ್ದರು. ಕಟ್ಟೆಯ ಮೇಲಿನ ಮಾತನ್ನು ಅವನು ಅವರಿಗೆ ಹೇಳಿರಲಿಲ್ಲ.

ಶನಿವಾರ ಮೋಡ ಮುಚ್ಚಿತು. ಭಾನುವಾರ ರಾತ್ರಿ ಮಳೆ. ಸೋಮವಾರ ಬೆಳಿಗ್ಗೆ ಅಪ್ಪಾಸಾಹೇಬ ನನ್ನ ಮನೆಯ ಮುಂದೆ ನಿಂತು, "ಬಾ," ಎಂದ. ದಾರಿಯಲ್ಲಿ ಸುಶೀಲಾ ಸಿಕ್ಕಳು. ಮೂವರೂ ಮೈಕಿನ ಕೋಣೆಗೆ ಹೋದೆವು.

"ಹೂವಿನ್ಯಾಗ ಮಳಿ ಬಿದ್ದೈತಿ. ಇವತ್ತ ಸಂಜಿ ಒಳಗ ಹೊಡಿಲಿಲ್ಲಂದ್ರ ಬೂಜು ಹತ್ತಿ ಒಂದ ಗೊನಿ ಉಳಿಯೂದಿಲ್ಲ," ಅಂದ. "ನನ್ನ ಧ್ವನಿ ಕೇಳಿದ್ರ ಹೊಡಿಯಂಗಿಲ್ಲ ಅವ್ರು. ನೀ ಹೇಳು."

ಸುಶೀಲಾ ನನಗೆ ಹೇಳಿದಳು: "ಹೇಳ್ರಿ ಕಾಕಾ. ವೈನಿದೂ ಹೇಳಿಬಿಡ್ರಿ. ನನಗ ಗೊತ್ತೈತಿ. ಅವ್ರ ಅರಿವಿ ಒಗದಾಕಿ ನಾನು. ಮಾರಿದ್ದು ಯಾಕಂತ ಒಂದ ಮಾತ ಕೇಳಿದ್ರ ಊರು ತಿರಗತೈತಿ."

"ಮಾತ ಕೊಟ್ಟೀನಿ," ಎಂದೆ.

ಅಪ್ಪಾಸಾಹೇಬ ನನ್ನನ್ನು ನೋಡಿದ. ಎಷ್ಟು ಹೊತ್ತು ಎಂದು ಹೇಳಲಾರೆ. ತಗಡಿನಿಂದ ಏಳೆಂಟು ಹನಿ ಬಿದ್ದವು. ಆಮೇಲೆ ಅವನು ಮೈಕು ಹಚ್ಚಿ, ಬೆರಳಿಂದ ಎರಡು ಸಲ ತಟ್ಟಿ, ಔಷಧದ ಹೆಸರು ಹೇಳಿದ, ಹೊಡೆಯುವ ಹೊತ್ತು ಹೇಳಿದ. ಅಲ್ಲಿಗೆ ನಿಲ್ಲಿಸಲಿಲ್ಲ. "ಯಾಕಂದ್ರ," ಎಂದು ಮುಂದುವರಿಸಿದ. ಹೂವಿನ ಒಳಗೆ ನೀರು ಹೇಗೆ ನಿಲ್ಲುತ್ತದೆ, ಬೂಜು ಎಷ್ಟು ತಾಸಿನಲ್ಲಿ ಇಳಿಯುತ್ತದೆ, ಇಳಿದ ಮೇಲೆ ಯಾವ ಔಷಧವೂ ಯಾಕೆ ನಡೆಯುವುದಿಲ್ಲ, ಎಲ್ಲವನ್ನೂ ಹೇಳಿದ. ಕೊನೆಗೆ, "ದಯಮಾಡಿ ಹೊಡಿರಿ," ಎಂದ.

ಹೊರಗೆ ರಸ್ತೆಯಲ್ಲಿ ಸಿದ್ದಗೌಡನ ಧ್ವನಿ ಕೇಳಿಸಿತು: "ಯಾವತ್ತೂ ಕಾರಣಾ ಹೇಳದಾಂವ ಇವತ್ತ್ಯಾಕ ಹೇಳಾಕತ್ತಾನ? ಅಂಗಡ್ಯಾಂವ ಕಮಿಷನ್ ಕೊಟ್ಟಿರಬೇಕು." ಮೂರು ನಾಲ್ಕು ಜನ ನಕ್ಕದ್ದು ಕೇಳಿಸಿತು.

ನಾನು ತೋಟಕ್ಕೆ ಹೋದೆ. ಔಷಧ ಮನೆಯಲ್ಲಿತ್ತು, ನೀರು ತೊಟ್ಟಿಯಲ್ಲಿತ್ತು, ಔಷಧ ಹೊಡೆಯುವ ಟ್ರ್ಯಾಕ್ಟರಿನವನು ಕರೆದರೆ ಬರುತ್ತಿದ್ದ. ನಾನು ಬದುವಿನ ಮೇಲೆ ನಿಂತೆ. ಉತ್ತರಕ್ಕೆ ಅಪ್ಪಾಸಾಹೇಬನ ತೋಟದಲ್ಲಿ ಯಂತ್ರದ ಸದ್ದು ಶುರುವಾಯಿತು. ಇನ್ನೊಂದು ತೋಟದಲ್ಲಿ ಸದ್ದಾದರೆ ನಾನೂ ಕರೆಸುತ್ತೇನೆ ಎಂದುಕೊಂಡೆ. ಮಧ್ಯಾಹ್ನದವರೆಗೆ ಆಗಲಿಲ್ಲ. ಸಂಜೆಯವರೆಗೆ ಆಗಲಿಲ್ಲ. ನಾನೊಬ್ಬನೇ ಹೊಡೆಸಿದರೆ, ಇವನಿಗೆ ಏನೋ ಗೊತ್ತಿದೆ ಎಂದು ಊರು ತಿಳಿಯುತ್ತದೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಕತ್ತಲಾಗುವ ಹೊತ್ತಿಗೆ ಮನೆಗೆ ಬಂದು ಊಟ ಮಾಡಿದೆ.

ಗುರುವಾರದಿಂದ ಎಲೆಗಳ ಮೇಲೆ ಎಣ್ಣೆ ಬಿದ್ದಂಥ ಹಳದಿ ಚುಕ್ಕೆಗಳು ಕಾಣತೊಡಗಿದವು. ಎಲೆ ಮಗುಚಿದರೆ ಬಿಳಿ ಬೂಜು. ವಾರದೊಳಗೆ ಹೂಗೊಂಚಲುಗಳು ಕಂದಾದವು, ಮುಟ್ಟಿದರೆ ಉದುರಿದವು. ಸಿದ್ದಗೌಡ ತನ್ನ ತೋಟದ ನಡುವೆ ನಿಂತು ಒಂದು ಗೊಂಚಲನ್ನು ಅಂಗೈ ಮೇಲೆ ಅಲುಗಿಸಿ, ಉದುರಿದ್ದನ್ನು ನೋಡಿ, ಇನ್ನೊಂದನ್ನು ಅಲುಗಿಸುತ್ತಿದ್ದ. ಬದುವಿನ ಆಚೆ ಅಪ್ಪಾಸಾಹೇಬನ ಗೊನೆಗಳು ಹಸಿರಾಗಿದ್ದವು.

ಅದು ಅವನಿಗೆ ಒಳ್ಳೆಯದು ಮಾಡಲಿಲ್ಲ. ಎಲ್ಲರದೂ ಹೋಗಿ ಇವನೊಬ್ಬನದೇ ಹೇಗೆ ಉಳಿಯಿತು ಎಂದು ಜನ ಕೇಳಿದರು. ಅವನು ಮೈಕಿನಲ್ಲಿ ಹೇಳಿದ್ದನಲ್ಲ ಎಂದು ಯಾರೂ ಹೇಳಲಿಲ್ಲ. ಮುಂದಿನ ಬೇಸಿಗೆ ಊರಲ್ಲಿ ಒಂದೇ ಶೆಡ್ಡು ತುಂಬಿತ್ತು. ಅಲ್ಲಿಗೆ ಸುಶೀಲಾಳ ತಂಡ ಬಿಟ್ಟರೆ ಇನ್ಯಾರೂ ಹೋಗಲಿಲ್ಲ.

ಕಟ್ಟೆಯ ಮೇಲಿನ ಮಾತು ಕಸ್ತೂರಿ ವೈನಿಗೆ ತಿಳಿದದ್ದು ಆ ಶೆಡ್ಡಿನಲ್ಲೇ, ಸುಶೀಲಾಳಿಂದ. ಮರುದಿನ ಮಧ್ಯಾಹ್ನ ನನ್ನ ಬಾಗಿಲಿಗೆ ಬಂದರು. ಒಳಗೆ ಬರ್ರಿ ಎಂದರೂ ಬರಲಿಲ್ಲ.

"ಭಾವೂಜಿ, ನಾ ಹೇಳಬ್ಯಾಡ್ರಿ ಅಂದಿದ್ದು ನನ್ನ ಮೈಯಿಂದು," ಎಂದರು. "ಅವ್ರ ಮಾನದ್ದು ಅಲ್ಲ."

ಅಷ್ಟು ಹೇಳಿ ಹೋದರು.

ಪೈಪಿನ ಕಂಪನಿ ಈಗಲೂ ನಡೆದಿದೆ. ಎರಡು ಪಟ್ಟಿಗಳು ಕಳೆದ ಮೇಲೆ ಅಜ್ಜನ ಹೆಸರು ಮತ್ತೆ ಬಂತು. ನೂರಕ್ಕೆ ಒಂದರ ಗೆರೆಯಿಂದ ಸ್ವಲ್ಪ ಕೆಳಗಿಳಿದು ಮತ್ತೆ ಮೇಲೆ ಬಂದಿರಬೇಕು, ಅಷ್ಟೇ. ಬೆಲೆಯೂ ಹಿಂದಿನ ಮಟ್ಟಕ್ಕೆ ಮರಳಿತು. ಊರಲ್ಲಿ ಹೆಚ್ಚಿನವರು ಆಗಲೇ ಮಾರಿದ್ದರು. ನನ್ನವು ಇನ್ನೂ ಇವೆ. ಅವನ್ನು ಏನು ಮಾಡಬೇಕೆಂದು ಕೇಳಲು ನನಗೆ ಯಾರೂ ಇಲ್ಲ.

ಅಪ್ಪಾಸಾಹೇಬ ಹೋದ ವರ್ಷ ಶ್ರಾವಣದಲ್ಲಿ, ಮಧ್ಯಾಹ್ನ ಮಲಗಿದಲ್ಲೇ ತೀರಿಕೊಂಡ. ಆ ಸೋಮವಾರದ ನಂತರ ಅವನು ಮೈಕು ಮುಟ್ಟಿರಲಿಲ್ಲ. ವೈನಿ ಆರೋಗ್ಯವಾಗಿದ್ದಾರೆ, ತೋಟ ನೋಡಿಕೊಳ್ಳುತ್ತಾರೆ. ಅವರು ಆ ಬೆಳಿಗ್ಗೆ ಅಲ್ಲಿರಲಿಲ್ಲ. ಸಿದ್ದಗೌಡ ಬದುಕಿದ್ದಾನೆ, ದ್ರಾಕ್ಷಿ ಕಿತ್ತು ಕಬ್ಬು ಹಚ್ಚಿದ್ದಾನೆ. ಅವನು ಕೇಳಿದವನು, ನೋಡಿದವನಲ್ಲ.

ನೋಡಿದವಳು ಸುಶೀಲಾ. ನಿನ್ನೆ ಇದೆಲ್ಲವನ್ನೂ ಅವಳ ಮನೆಯ ಮುಂದೆ ಕುಳಿತು ಮೊದಲಿನಿಂದ ಓದಿ ಹೇಳಿದೆ. ಕೋರ್ಟಿನಲ್ಲಿ ಹೇಳಿಕೆಯನ್ನು ಹಾಗೆ ಓದಿ ಹೇಳಿ, ಸರಿಯಿದೆಯೇ ಎಂದು ಕೇಳುವ ಕ್ರಮವಿದೆ. ಅವಳು ಕಾಳು ಆರಿಸುತ್ತ ಕೊನೆಯವರೆಗೆ ಕೇಳಿದಳು.

"ಎಲ್ಲಾ ಬರೋಬ್ಬರಿ ಐತ್ರಿ," ಎಂದಳು. "ಒಂದ ತಪ್ಪೈತಿ. ಆವತ್ತ ಮೈಕಿನ ಕೋಣಿ ಒಳಗ ನಿಮ್ಮ ಕಾಲು ಇರಲಿಲ್ಲ. ಎರಡೂ ಹೊರಗ ಇದ್ದೂ. ಚಪ್ಪಲಿ ಸುದ್ದಾ ಬಿಟ್ಟಿರಲಿಲ್ಲ ನೀವು."

ಸುಶೀಲಾ ಬದುಕಿದ್ದಾಳೆ.